ಹೊರದೇಶದ ಜೈಲಿನಲ್ಲಿ ನಮ್ಮವರು

(ಕಲಬುರಗಿಯಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಗಲ್ಫ್‌ಗೆ ಹೋದವರ ಮನೆಯವರು ಸೇರಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಗಸಗಸೆಯಿಂದ ಶುರು ಮಾಡುತ್ತೇನೆ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಗಸಗಸೆ ಪಾಯಸ ಮಾಡುತ್ತಾರೆ. ಮಟನ್ ಸಾರಿಗೂ ಒಂದು ಚಮಚ ಹುರಿದು ಅರೆದು ಹಾಕುತ್ತಾರೆ. ಸೂಪರ್ ಮಾರ್ಕೆಟ್ ಬಜಾರಿನ ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅದೇ ಪೊಟ್ಟಣ ದುಬೈ ಅಥವಾ ಜೆದ್ದಾ ಏರ್‌ಪೋರ್ಟಿನಲ್ಲಿ ಬ್ಯಾಗಿನಿಂದ ಹೊರಗೆ ಬಂದರೆ ಅದು ಮಾದಕ ವಸ್ತು. ಗಸಗಸೆ ಅಫೀಮು ಗಿಡದ ಬೀಜ. ಯುಎಇ, ಸೌದಿ ಎರಡೂ ಕಡೆ ಅದಕ್ಕೆ ನಿಷೇಧ ಇದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಕಟ್ಟುವಾಗ ತಾಯಿ ಅದನ್ನೂ ಸುಮ್ನೆ ಒಂದು ಮೂಲೆಗೆ ತುರುಕಿರುತ್ತಾಳೆ. ಮಗನಿಗೆ ಬ್ಯಾಗಿನಲ್ಲಿ ಅದು ಇರುವುದೇ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅದು ಅಪರಾಧ ಅಂತ ಅವನಿಗೆ ಯಾರು ಹೇಳಿದ್ದಾರೆ?

ಹೊರದೇಶದ ಜೈಲು ಅಂದ ಕೂಡಲೇ ನಮಗೆ ಟಿವಿಯಲ್ಲಿ ನೋಡಿದ ಗೂಢಚಾರಿಕೆ ಕೇಸುಗಳು ನೆನಪಾಗುತ್ತವೆ. ನನ್ನ ಆಫೀಸಿಗೆ ಬರುವ ಮನೆಯವರ ಕಥೆಗಳು ಅಷ್ಟು ದೊಡ್ಡವಲ್ಲ. ವೀಸಾ ಮುಗಿದ ಮೇಲೂ ಉಳಿದ ಪೇಂಟರ್. ಗಾಡಿ ಗುದ್ದಿಸಿ ಒಬ್ಬರು ಸತ್ತಾಗ, ಇನ್ಶೂರೆನ್ಸ್ ಮುಗಿದಿದ್ದರಿಂದ ಪರಿಹಾರ ಕಟ್ಟಲಾಗದೆ ಕೂತ ಡ್ರೈವರ್. ಲೇಬರ್ ಕ್ಯಾಂಪಿನಲ್ಲಿ ನೀರಿನ ವಿಷಯಕ್ಕೆ ಹೊಡೆದಾಡಿಕೊಂಡವರು. ಇನ್ನು ಸೌದಿಯ 'ಹುರೂಬ್' ಕೇಸು. ಸಂಬಳ ಕೊಡಲಿಲ್ಲ ಅಂತ ಹುಡುಗ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾನೆ, ಕಫೀಲ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಮಾಲೀಕ, ಅವನನ್ನು 'ಓಡಿಹೋದವನು' ಅಂತ ಸರ್ಕಾರದ ಕಂಪ್ಯೂಟರಿನಲ್ಲಿ ಬರೆಸುತ್ತಾನೆ. ಆಮೇಲೆ ಆ ಹುಡುಗನ ಇಕಾಮಾಕ್ಕೆ, ಅಂದರೆ ಅಲ್ಲಿ ಇರಲು ಕೊಟ್ಟ ಪರವಾನಗಿ ಕಾರ್ಡಿಗೆ, ಬೆಲೆ ಇಲ್ಲ. ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ ಕಾರ್ಡ್ ಕೇಳಿದರೆ ನೇರ ಒಳಗೆ. ಸಂಬಳ ಉಳಿಸಿಕೊಂಡವನು ಹೊರಗೆ, ಕೇಳಿದವನು ಒಳಗೆ.

ಒಟ್ಟು ಎಷ್ಟು ಮಂದಿ ಅಂತ ಸರ್ಕಾರವೇ ಹೇಳಿದೆ. 2025ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ, ವಿಚಾರಣಾಧೀನ ಕೈದಿಗಳೂ ಸೇರಿ 10,152 ಭಾರತೀಯರು ಹೊರದೇಶದ ಜೈಲುಗಳಲ್ಲಿದ್ದರು. ಸೌದಿಯಲ್ಲಿ 2,633, ಯುಎಇಯಲ್ಲಿ 2,518. ಅಂದರೆ ಅರ್ಧಕ್ಕರ್ಧ ಈ ಎರಡೇ ದೇಶಗಳಲ್ಲಿ. ಮೂರನೇದು ಯಾವುದು ಹೇಳಿ ನೋಡೋಣ. ಅಮೆರಿಕಾ ಅಲ್ಲ, ಪಾಕಿಸ್ತಾನ ಅಲ್ಲ. ನೇಪಾಳ, 1,317. ಅದು ಗಡಿ ತೆರೆದಿರುವ ದೇಶ, ಅದರ ಲೆಕ್ಕ ಬೇರೆ. ಅವತ್ತಿಗೆ ಮರಣದಂಡನೆ ಶಿಕ್ಷೆಯಾಗಿ ಕಾಯುತ್ತಿದ್ದವರು 49. ಅದರಲ್ಲಿ ಯುಎಇಯಲ್ಲೇ 25.

ಇದೇ ಉತ್ತರದ ಒಳಗೆ ಪತ್ರಿಕೆಗಳು ಅಷ್ಟಾಗಿ ಗಮನಿಸದ ಒಂದು ಸಾಲಿದೆ. ಅನೇಕ ದೇಶಗಳಲ್ಲಿ ಖಾಸಗಿತನದ ಕಾನೂನು ಗಟ್ಟಿಯಾಗಿದೆ, ಕೈದಿ ಒಪ್ಪಿಗೆ ಕೊಡದಿದ್ದರೆ ಅಲ್ಲಿನ ಅಧಿಕಾರಿಗಳು ಅವನ ವಿವರ ನಮಗೆ ಹೇಳುವುದಿಲ್ಲ ಅಂತ. ಅಂದರೆ ಈ 10,152 ಅನ್ನುವುದು ನಮ್ಮ ಎಂಬಸಿಗಳಿಗೆ ಗೊತ್ತಾದವರ ಲೆಕ್ಕ. ಈ ಒಪ್ಪಿಗೆಯ ಮಾತನ್ನು ನೆನಪಿಡಿ, ಮುಂದೆ ಅದೇ ಬಹಳ ಕೆಲಸಕ್ಕೆ ಬರುತ್ತದೆ.

ಈಗ ಕಾನೂನಿಗೆ ಬರೋಣ. ಕಾನೂನು ಓದುತ್ತಿರುವವರು ಬರೆದುಕೊಳ್ಳಿ, ಉಳಿದವರು ಸುಮ್ನೆ ಕೇಳಿ. 1963ರಲ್ಲಿ ವಿಯೆನ್ನಾದಲ್ಲಿ ಕಾನ್ಸುಲರ್ ಸಂಬಂಧಗಳ ಬಗ್ಗೆ, ಅಂದರೆ ಒಂದು ದೇಶದ ಕಚೇರಿ ಇನ್ನೊಂದು ದೇಶದಲ್ಲಿ ತನ್ನ ಪ್ರಜೆಗಳನ್ನು ನೋಡಿಕೊಳ್ಳುವ ಬಗ್ಗೆ, ಒಂದು ಒಪ್ಪಂದ ಆಯಿತು. ಭಾರತ 1977ರಲ್ಲಿ ಅದಕ್ಕೆ ಸೇರಿತು. ಅದರ 36ನೇ ಕಲಮು ನಮಗೆ ಬೇಕಾದ್ದು. ಹೊರದೇಶದವನನ್ನು ಹಿಡಿದರೆ, 'ನಿನ್ನ ದೇಶದ ಕಾನ್ಸುಲೇಟಿಗೆ ತಿಳಿಸುವ ಹಕ್ಕು ನಿನಗಿದೆ' ಅಂತ ಪೊಲೀಸರು ತಡಮಾಡದೆ ಅವನಿಗೆ ಹೇಳಬೇಕು. ಅವನು ಹೂಂ ಅಂದರೆ ಕಾನ್ಸುಲೇಟಿಗೆ ತಿಳಿಸಬೇಕು. ಅವನು ಬರೆದ ಕಾಗದವನ್ನು ಅಲ್ಲಿಗೆ ಮುಟ್ಟಿಸಬೇಕು. ನಮ್ಮ ಅಧಿಕಾರಿ ಜೈಲಿಗೆ ಹೋಗಿ ಅವನನ್ನು ನೋಡಬಹುದು, ಮಾತಾಡಬಹುದು, ವಕೀಲರನ್ನು ಗೊತ್ತು ಮಾಡಬಹುದು. ಕೈದಿಯೇ ಬೇಡ ಅಂದರೆ ಇದು ಯಾವುದೂ ನಡೆಯುವುದಿಲ್ಲ.

ಗಮನಿಸಿದಿರಾ? ಎಲ್ಲವೂ ಅವನು ಹೂಂ ಅನ್ನುವುದರ ಮೇಲೆ ನಿಂತಿದೆ. ಆ ಹೊತ್ತಿನಲ್ಲಿ ಅವನು ಎಂಥ ಸ್ಥಿತಿಯಲ್ಲಿರುತ್ತಾನೆ? ಭಾಷೆ ಬರುವುದಿಲ್ಲ, ಫೋನ್ ಕಸಿದುಕೊಂಡಿರುತ್ತಾರೆ. ಮುಂದೆ ಅರಬ್ಬಿಯಲ್ಲಿ ಬರೆದ ಹಾಳೆ ಇಟ್ಟು ಸಹಿ ಹಾಕು ಅನ್ನುತ್ತಾರೆ. ಎಂಬಸಿಗೆ ಗೊತ್ತಾದರೆ ಊರಿಗೆ ಗೊತ್ತಾಗುತ್ತದೆ, ಮಾನ ಹೋಗುತ್ತದೆ ಅಂತ ಅವನಿಗೆ ಹೆದರಿಕೆ. ಹಾಗಾಗಿ ಎಷ್ಟೋ ಹುಡುಗರು ಬೇಡ ಅಂದುಬಿಡುತ್ತಾರೆ. ಎಂಬಸಿಯವರು ಮನೆಗೆ ತಾವಾಗಿ ಫೋನ್ ಮಾಡಿ ಊರೆಲ್ಲ ಸಾರುವುದಿಲ್ಲ. ಇದನ್ನು ಕಳಿಸುವ ಮೊದಲೇ ಹುಡುಗರಿಗೆ ಹೇಳಿ.

ಈ ಹಕ್ಕು ಯಾರದು ಅನ್ನುವ ಪ್ರಶ್ನೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂತು. ಅಮೆರಿಕದ ಅರಿಜೋನಾದಲ್ಲಿ ಲಾಗ್ರಾಂಡ್ ಅನ್ನುವ ಇಬ್ಬರು ಜರ್ಮನ್ ಅಣ್ಣತಮ್ಮಂದಿರಿಗೆ ಮರಣದಂಡನೆ ಆಗಿತ್ತು. ಕಾನ್ಸುಲೇಟಿಗೆ ತಿಳಿಸುವ ಹಕ್ಕು ಇದೆ ಅಂತ ಅವರಿಗೆ ಸಕಾಲದಲ್ಲಿ ಯಾರೂ ಹೇಳಿರಲಿಲ್ಲ. 1999ರಲ್ಲಿ ಇಬ್ಬರನ್ನೂ ಕೊಂದರು. ಎರಡನೇಯವನ ಶಿಕ್ಷೆಗೆ ತಡೆ ಕೊಡಿ ಅಂತ ಹೇಗ್ ಕೋರ್ಟು ಆದೇಶ ಮಾಡಿದ್ದರೂ ನಿಲ್ಲಿಸಲಿಲ್ಲ. 2001ರಲ್ಲಿ ತೀರ್ಪು ಬಂತು. 36ನೇ ಕಲಮು ದೇಶಕ್ಕಷ್ಟೇ ಅಲ್ಲ, ಹಿಡಿದಿಟ್ಟ ಮನುಷ್ಯನಿಗೂ ಹಕ್ಕು ಕೊಡುತ್ತದೆ ಅಂತ ಕೋರ್ಟು ಹೇಳಿತು. ಇಬ್ಬರೂ ಸತ್ತ ಮೇಲೆ ಬಂದ ತೀರ್ಪು. ಆದರೂ ಅದರ ಮೇಲೆ ನಿಂತು ಮೆಕ್ಸಿಕೋ 2004ರಲ್ಲಿ ತನ್ನ ಹತ್ತಾರು ಕೈದಿಗಳ ಪರ ಗೆದ್ದಿತು. 2019ರಲ್ಲಿ ನಾವು ಗೆದ್ದೆವು.

ನಮ್ಮದು ಕುಲಭೂಷಣ್ ಜಾಧವ್ ಅವರ ಕೇಸು, ನಿಮಗೆಲ್ಲ ಗೊತ್ತು. 2016ರ ಮಾರ್ಚ್‌ನಲ್ಲಿ ಪಾಕಿಸ್ತಾನ ಅವರನ್ನು ಗೂಢಚಾರ ಅಂತ ಹಿಡಿಯಿತು. 2017ರ ಏಪ್ರಿಲ್‌ನಲ್ಲಿ ಮಿಲಿಟರಿ ಕೋರ್ಟು ಮರಣದಂಡನೆ ಕೊಟ್ಟಿತು. ನಮ್ಮ ಅಧಿಕಾರಿಗಳಿಗೆ ಒಮ್ಮೆಯೂ ಭೇಟಿಗೆ ಬಿಡಲಿಲ್ಲ. ಮೇ ತಿಂಗಳಲ್ಲಿ ಭಾರತ ಹೇಗ್‌ಗೆ ಹೋಯಿತು, ವಕೀಲ ಹರೀಶ್ ಸಾಳ್ವೆ ಒಂದು ರೂಪಾಯಿ ಫೀಸಿಗೆ ವಾದ ಮಾಡಿದರು. (ನಮ್ಮ ಬಾರ್ ರೂಮಿನಲ್ಲಿ ಅವತ್ತು ಆ ಒಂದು ರೂಪಾಯಿಯ ಬಗ್ಗೆಯೇ ಜಾಸ್ತಿ ಮಾತಾಯಿತು.) ಗೂಢಚಾರಿಕೆ ಕೇಸಿಗೆ 36ನೇ ಕಲಮು ಅನ್ವಯಿಸುವುದಿಲ್ಲ ಅನ್ನುವುದು ಪಾಕಿಸ್ತಾನದ ವಾದ. 2019ರ ಜುಲೈ 17ರಂದು ಕೋರ್ಟು 15-1ರಲ್ಲಿ ಅದನ್ನು ತಳ್ಳಿಹಾಕಿತು. ಆರೋಪ ಎಂಥದ್ದೇ ಇರಲಿ, ಹಕ್ಕು ಇದ್ದೇ ಇದೆ.

ಆದರೆ ಆ ಕೋರ್ಟು ಕೊಟ್ಟದ್ದೇನು? ಬಿಡುಗಡೆ ಕೇಳಿದ್ದೆವು, ಸಿಗಲಿಲ್ಲ. ಶಿಕ್ಷೆಯನ್ನು ಮರುಪರಿಶೀಲನೆ ಮಾಡಿ, ಅಲ್ಲಿಯವರೆಗೆ ಗಲ್ಲಿಗೆ ಹಾಕಬೇಡಿ, ಭೇಟಿಗೆ ಬಿಡಿ ಅಂತ ಹೇಳಿತು. ಅಂತರರಾಷ್ಟ್ರೀಯ ಕಾನೂನು ಅಂದರೆ ಇಷ್ಟೇನಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಹೌದು, ಇಷ್ಟೇ. ಇಷ್ಟೂ ಇರದಿದ್ದರೆ ಮಿಲಿಟರಿ ಕೋರ್ಟಿನ ಆದೇಶವೇ ಕೊನೆ ಆಗುತ್ತಿತ್ತು.

ಎಂಬಸಿಯವರಿಂದ ಏನು ಆಗುವುದಿಲ್ಲ ಅನ್ನುವುದನ್ನೂ ನೇರವಾಗಿ ಹೇಳಿಬಿಡುತ್ತೇನೆ. ಅವರು ಜೈಲಿನ ಬಾಗಿಲು ತೆಗೆಸುವುದಿಲ್ಲ. ಆ ದೇಶದ ಕೋರ್ಟಿನಲ್ಲಿ ತಾವೇ ವಾದ ಮಾಡುವುದಿಲ್ಲ. ಅಲ್ಲಿನ ಕಾನೂನು ತಪ್ಪು ಅಂತ ಜಗಳಕ್ಕೆ ನಿಲ್ಲುವುದಿಲ್ಲ. ಅವರು ಮಾಡಬಹುದಾದ್ದು ಭೇಟಿ, ವಕೀಲ, ದುಭಾಷಿ, ಔಷಧಿ, ಮನೆಗೆ ಸುದ್ದಿ. ವಿಚಾರಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು ಕೂಡ ಒಂದು ಕೆಲಸ. ಅನುಭವ ಇದ್ದವರು ಒಪ್ಪುತ್ತೀರಿ, ಒಂದು ದೇಶದ ಅಧಿಕಾರಿ ಬಂದು ಕೂತಿದ್ದಾನೆ ಅಂದರೆ ಕೋರ್ಟ್ ಹಾಲಿನ ಗಾಳಿಯೇ ಬೇರೆ ಆಗುತ್ತದೆ.

ಸ್ವಲ್ಪ ದಾರಿ ಬಿಟ್ಟು ಬೀದರಿಗೆ ಹೋಗಿ ಬರೋಣ. ಮಹಮೂದ್ ಗವಾನ್ ಮದರಸಾವನ್ನು ಇಲ್ಲಿ ನೋಡದವರು ಯಾರೂ ಇರಲಿಕ್ಕಿಲ್ಲ. ಆ ಗವಾನ್ ನಮ್ಮ ನೆಲದವನಲ್ಲ, ಇರಾನಿನ ಗಿಲಾನ್ ಕಡೆಯವನು. ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. ದರಬಾರಿನಲ್ಲಿ ಹೊರಗಿನವರು, ದಖ್ಖನಿಗಳು ಅಂತ ಎರಡು ಬಣ. ಇತಿಹಾಸಕಾರರು ಬರೆದಿಟ್ಟಿರುವುದು ಹೀಗೆ. ವಿರೋಧಿಗಳು ಗವಾನನ ಮುದ್ರೆ ಕಾಯುವವನಿಗೆ ಲಂಚ ಕೊಟ್ಟರು. ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒರಿಸ್ಸಾದ ರಾಜನಿಗೆ 'ದಂಡೆತ್ತಿ ಬಾ' ಅಂತ ಪತ್ರ ಬರೆದು, ಕುಡಿದ ಅಮಲಿನಲ್ಲಿದ್ದ ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಗವಾನನನ್ನು ಕರೆಸಿ ಕೇಳಿದ. ಮುದ್ರೆ ನನ್ನದು, ಪತ್ರ ನನ್ನದಲ್ಲ ಅಂದ ಗವಾನ್. ಯಾರು ಬರೆದರು, ಯಾವಾಗ ಬರೆದರು ಅಂತ ವಿಚಾರಣೆ ಆಗಲಿಲ್ಲ. 1481ರಲ್ಲಿ ಅಲ್ಲೇ ತಲೆ ತೆಗೆಸಿದರು. ಮುಂದಿನ ವರ್ಷ ಸುಲ್ತಾನನೂ ಸತ್ತ, ರಾಜ್ಯ ಚೂರಾಗುತ್ತ ಹೋಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಪ್ರಧಾನಿಯಾಗಿದ್ದವನಿಗೇ ಪರದೇಶದಲ್ಲಿ ತನ್ನ ಪರ ಮಾತಾಡುವವರು ಸಿಗಲಿಲ್ಲ. ಖಾಲಿ ಕಾಗದದ ಮೇಲಿನ ಮುದ್ರೆ ಇವತ್ತೂ ಇದೆ. ಏಜೆಂಟರು ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಂಪನಿಗಳು ಖಾಲಿ ಚೆಕ್ ತೆಗೆದುಕೊಳ್ಳುತ್ತವೆ.

ಒಳಗಿರುವವನನ್ನು ಬಿಡಿಸುವ ಸಾಕ್ಷಿ ಎಷ್ಟೋ ಸಲ ಇಲ್ಲಿ, ನಮ್ಮ ಊರಿನಲ್ಲೇ ಇರುತ್ತದೆ. 2019ರಲ್ಲಿ ಮುಂಬೈಯ ಒಂದು ಗಂಡ ಹೆಂಡತಿ ಕತಾರ್‌ಗೆ ಹೋದರು. ಹತ್ತಿರದ ಸಂಬಂಧಿಕರೊಬ್ಬರು ಪ್ರವಾಸದ ಖರ್ಚು ತಾವೇ ನೋಡಿಕೊಂಡು, 'ಇದೊಂದು ಪೊಟ್ಟಣ ಅಲ್ಲಿ ಕೊಟ್ಟುಬಿಡಿ' ಅಂದಿದ್ದರು. ದೋಹಾ ಏರ್‌ಪೋರ್ಟಿನಲ್ಲಿ ಬ್ಯಾಗಿನಿಂದ ನಾಲ್ಕು ಕಿಲೋ ಚರಸ್ ಸಿಕ್ಕಿತು. ಇಬ್ಬರಿಗೂ ಹತ್ತು ವರ್ಷ. ಹೆಂಡತಿ ಬಸುರಿ, ಜೈಲಿನಲ್ಲೇ ಹೆತ್ತಳು. ಅವರನ್ನು ಬಿಡಿಸಿದ ದಾರಿ ಮುಂಬೈಯಿಂದ ಶುರುವಾಯಿತು. ಹುಡುಗಿಯ ತಂದೆ ಇಲ್ಲಿನ ಮಾದಕ ವಸ್ತು ನಿಯಂತ್ರಣ ದಳಕ್ಕೆ ದೂರು ಕೊಟ್ಟರು. ಪೊಟ್ಟಣ ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ ಇಲ್ಲಿ ತನಿಖೆ ಆಯಿತು. ಆ ದಾಖಲೆಗಳು ಸರ್ಕಾರದ ಮೂಲಕ ಕತಾರ್ ತಲುಪಿದವು. 2021ರಲ್ಲಿ ಇಬ್ಬರೂ ನಿರ್ದೋಷಿಗಳಾಗಿ ಮಗುವಿನ ಜೊತೆ ವಾಪಸ್ ಬಂದರು. ಆ ತಂದೆ ದೇವರ ಮೇಲೆ ಭಾರ ಹಾಕಿ ಮನೆಯಲ್ಲಿ ಕೂತಿದ್ದರೆ?

ನಮ್ಮ ಕಡೆಯ ಮನೆಯವರು ಬಂದಾಗ ಆಗುವುದನ್ನು ಹೇಳುತ್ತೇನೆ. ಚಿಂಚೋಳಿ ಕಡೆಯಿಂದ ಒಬ್ಬ ತಾಯಿ ಬಂದಿದ್ದರು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಒಳಗೆ ರೇಷನ್ ಕಾರ್ಡ್, ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಗ್ಯಾಸಿನ ಬುಕ್ಕು, ಮದುವೆಯ ಕರೆಯೋಲೆ. 'ಸಾಹೇಬ್ರ, ಮಗನ ಫೋನ್ ಬಂದಿತ್ರಿ, ಜೈಲಿನಾಗ ಅದೀನಿ ಅಂದ, ಕಟ್ ಆತ್ರಿ' ಅಂದರು. ಪಾಸ್‌ಪೋರ್ಟ್ ನಂಬರ್ ಇಲ್ಲ. ಯಾವ ಊರು ಅಂದರೆ ಸೌದಿ. ಸೌದಿಯಲ್ಲಿ ಯಾವ ಊರು ಅಂದರೆ ಸೌದಿ. ಕೊನೆಗೆ ಅದೇ ಚೀಲದಲ್ಲಿ, ಹಣ ಬಂದ ಒಂದು ಬ್ಯಾಂಕ್ ಚೀಟಿಯ ಮೇಲೆ ಕಳಿಸಿದ ಶಾಖೆಯ ಹೆಸರು ಸಿಕ್ಕಿತು, ದಮ್ಮಾಮ್. ಅಲ್ಲಿಂದ ಹುಡುಕಾಟ ಶುರುವಾಯಿತು. ಏಜೆಂಟನ ಫೋನ್ ಅಷ್ಟೊತ್ತಿಗೆ ಸ್ವಿಚ್ ಆಫ್. ಅದು ಯಾವಾಗಲೂ ಸ್ವಿಚ್ ಆಫೇ ಇರುತ್ತದೆ ಬಿಡಿ.

ಆದ್ದರಿಂದ ಇವತ್ತು ರಾತ್ರಿ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಇಕಾಮಾ ಅಥವಾ ಅಲ್ಲಿನ ಗುರುತಿನ ಕಾರ್ಡು, ಕೆಲಸದ ಕರಾರು, ಕಂಪನಿಯ ಹೆಸರು, ಜೊತೆಗೆ ಇರುವ ಒಬ್ಬ ಗೆಳೆಯನ ನಂಬರು, ಇಷ್ಟನ್ನೂ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಜೆರಾಕ್ಸ್ ತೆಗೆಸಿ ಟ್ರಂಕಿನಲ್ಲಿಡಿ. ಫೋನ್ ಕೆಟ್ಟರೂ ಕಾಗದ ಇರುತ್ತದೆ. ಹುಡುಗ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಚೀಟಿ ಕೂಡ ಬೇಕು. ಇಲ್ಲಿ ಸುಲಭವಾಗಿ ಸಿಗುವ ಕೆಲವು ನೋವಿನ ಗುಳಿಗೆ, ಕೆಮ್ಮಿನ ಔಷಧಿಗೆ ಅಲ್ಲಿ ಮೊದಲೇ ಅನುಮತಿ ಪಡೆದಿರಬೇಕು.

ಸುದ್ದಿ ಬಂದ ಮೇಲೆ ಮೊದಲು ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಮಾಡಿದ ವ್ಯವಸ್ಥೆ ಅದು. ದೂರಿಗೆ ನಂಬರ್ ಬರುತ್ತದೆ, ಯಾವ ಅಧಿಕಾರಿಯ ಹತ್ತಿರ ಇದೆ ಅಂತ ಕಾಣುತ್ತದೆ. ಎಂಪಿ ಸಾಹೇಬರ ಪತ್ರ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಪತ್ರದಲ್ಲೂ ಈ ದೂರಿನ ನಂಬರ್ ಬರೆಯಿಸಿ. ಇಲ್ಲದಿದ್ದರೆ ಪತ್ರ ಒಂದು ಕಡೆ, ಫೈಲ್ ಒಂದು ಕಡೆ. ದೂರಿನಲ್ಲಿ 'ಮಗನನ್ನು ಬಿಡಿಸಿ' ಅಂತಷ್ಟೇ ಬರೆಯಬೇಡಿ. ಅದಕ್ಕೆ 'ವಿಷಯ ನ್ಯಾಯಾಲಯದಲ್ಲಿದೆ' ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಭೇಟಿ ಮಾಡಿದ್ದೀರಾ, ಯಾವ ಆರೋಪ, ಮುಂದಿನ ತಾರೀಖು ಯಾವುದು, ವಕೀಲರು ಇದ್ದಾರಾ, ದುಭಾಷಿ ಕೊಟ್ಟಿದ್ದಾರಾ ಅಂತ ಕೇಳಿ. ಮನೆಯವರಿಗೆ ವಿವರ ಹೇಳಲು ಅವನ ಒಪ್ಪಿಗೆ ಬರೆಯಿಸಿಕೊಳ್ಳಿ ಅಂತಲೂ ಕೇಳಿ. ನಾನು ಆಗಲೇ ನೆನಪಿಡಿ ಅಂದದ್ದು ಇದಕ್ಕೇ.

ದೂರು ಬರೆಯಲು ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ನೆರವು ಉಚಿತ. ಫೋನ್ ನಂಬರ್ 15100. ಏನ್ರಿ, ಇದು ಇಲ್ಲಿನ ಕೇಸಲ್ಲ ಅಂದರೆ, ತಾಯಿ ಇಲ್ಲಿನವಳೇ ಅಲ್ವಾ ಅಂತ ಕೇಳಿ.

ಮಾಹಿತಿ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2025ರ ಒಂದು ಘಟನೆ ಸಾಕು. ಉತ್ತರ ಪ್ರದೇಶದ ಒಬ್ಬ ಹೆಣ್ಣುಮಗಳಿಗೆ ಅಬುಧಾಬಿಯಲ್ಲಿ ಮರಣದಂಡನೆ ಆಗಿತ್ತು. ಮನೆಗೆ ಫೋನ್ ಮಾಡಿ ಇದೇ ಕೊನೆಯ ಮಾತು ಅನ್ನುವ ಹಾಗೆ ಮಾತಾಡಿದ್ದಳು. ಆಮೇಲೆ ಸುದ್ದಿ ಇಲ್ಲ. ಮಗಳು ಬದುಕಿದ್ದಾಳೋ ಇಲ್ಲವೋ ತಿಳಿಸಿ ಅಂತ ತಂದೆ ದೆಹಲಿ ಹೈಕೋರ್ಟಿಗೆ ಹೋದ. ಮಾರ್ಚ್ 3ರಂದು ಸರ್ಕಾರದ ವಕೀಲರು ಕೋರ್ಟಿನಲ್ಲಿ ಹೇಳಿದರು, ಫೆಬ್ರವರಿ 15ರಂದೇ ಶಿಕ್ಷೆ ಆಗಿಹೋಗಿದೆ ಅಂತ. ನಮ್ಮ ಎಂಬಸಿಗೂ ಅದು ಅಧಿಕೃತವಾಗಿ ತಿಳಿದದ್ದು ಫೆಬ್ರವರಿ ಕೊನೆಗೆ. ಎಂಬಸಿಯವರು ವಕೀಲರನ್ನು ಕೊಟ್ಟಿದ್ದರು, ಕ್ಷಮಾದಾನದ ಅರ್ಜಿ ಹಾಕಿದ್ದರು, ಅದು ನಿಜ. ಆದರೆ ಮಗಳು ಸತ್ತದ್ದನ್ನು ತಿಳಿಯಲು ತಂದೆ ರಿಟ್ ಅರ್ಜಿ ಹಾಕಬೇಕಾಯಿತು. ವಕೀಲನಾಗಿ ನನಗೆ ಇದು ಇವತ್ತಿಗೂ ಜೀರ್ಣ ಆಗಿಲ್ಲ.

ಶಿಕ್ಷೆ ಆದ ಮೇಲೆ ಊರಿಗೆ ತಂದು ಇಲ್ಲಿನ ಜೈಲಿನಲ್ಲಿ ಇಡಬಹುದಾ ಅಂತ ಕೇಳುತ್ತಾರೆ. ಇಡಬಹುದು. 2003ರಲ್ಲಿ ಕೈದಿಗಳ ವಾಪಸಾತಿಗೆ ಅಂತಲೇ ಒಂದು ಕಾಯ್ದೆ ಬಂತು. ಬ್ರಿಟನ್, ಸೌದಿ, ಯುಎಇ, ಕುವೈತ್, ಕತಾರ್ ಸೇರಿ ಮೂವತ್ತರಷ್ಟು ದೇಶಗಳ ಜೊತೆ ಒಪ್ಪಂದ ಇದೆ. ತೀರ್ಪು ಅಂತಿಮವಾಗಿರಬೇಕು, ಕನಿಷ್ಠ ಆರು ತಿಂಗಳ ಶಿಕ್ಷೆ ಬಾಕಿ ಇರಬೇಕು, ಆ ಕೆಲಸ ಇಲ್ಲೂ ಅಪರಾಧ ಆಗಿರಬೇಕು, ಎರಡೂ ದೇಶ ಒಪ್ಪಬೇಕು, ಕೈದಿಯೂ ಒಪ್ಪಬೇಕು. ಮರಣದಂಡನೆಗೆ ಇದು ಇಲ್ಲ. ಸರಿ, ಇಷ್ಟೆಲ್ಲ ಇದ್ದೂ ಯಾಕೆ ಬರುವವರು ಕಡಿಮೆ? ಒಂದು, ಕಾಗದ ದೆಹಲಿ, ಬೆಂಗಳೂರು, ಆ ದೇಶದ ನಡುವೆ ಸುತ್ತುತ್ತಲೇ ಇರುತ್ತದೆ. ಇನ್ನೊಂದನ್ನು ಹುಡುಗರೇ ಹೇಳುತ್ತಾರೆ. ರಂಜಾನ್, ಈದ್, ರಾಷ್ಟ್ರೀಯ ದಿನ ಬಂದರೆ ಅಲ್ಲಿನ ಅರಸರು ನೂರಾರು ಕೈದಿಗಳಿಗೆ ಮಾಫಿ ಕೊಡುತ್ತಾರೆ. ಕಲಬುರಗಿ ಸೆಂಟ್ರಲ್ ಜೈಲಿಗೆ ಬಂದರೆ ಆ ಮಾಫಿ ತಪ್ಪುತ್ತದಲ್ಲ ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪು ಅಂತ ನಾನು ಹೇಳಲಾರೆ.

ಕೊಲೆ ಕೇಸಿನಲ್ಲಿ ದಿಯಾ ಇದೆ. ಸತ್ತವರ ಮನೆಯವರು ಪರಿಹಾರದ ಹಣ ತೆಗೆದುಕೊಂಡು ಮಾಫಿ ಕೊಟ್ಟರೆ ಜೀವ ಉಳಿಯುತ್ತದೆ. 2024ರಲ್ಲಿ ಸೌದಿಯಲ್ಲಿದ್ದ ಒಬ್ಬ ಕೇರಳದವನಿಗಾಗಿ ಜನ ಸೇರಿ 34 ಕೋಟಿ ರೂಪಾಯಿ ಕೂಡಿಸಿದರು. ಕೇಳಿ ಕಣ್ಣಲ್ಲಿ ನೀರು ಬರುತ್ತದೆ. ಹಿಂದೆಯೇ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಸೇಡಂನ ಹುಡುಗನಿಗೆ 34 ಕೋಟಿ ಕೂಡಿಸುವ ಸಂಘಟನೆ ನಮ್ಮಲ್ಲಿ ಎಲ್ಲಿದೆ? ಕೇರಳಕ್ಕೆ ನೋರ್ಕಾ ಇದೆ, ಹೊರದೇಶದ ಕೇರಳಿಗರಿಗೆ ಅಂತಲೇ 1996ರಿಂದ ಒಂದು ಇಲಾಖೆ. ನಮ್ಮ ರಾಜ್ಯದ ಅನಿವಾಸಿ ಭಾರತೀಯ ಸಮಿತಿ ಬೆಂಗಳೂರಿನಲ್ಲಿದೆ. ಅದು ಬಂಡವಾಳ ತರುವ ಅನಿವಾಸಿಗಳನ್ನು ನೋಡುವಷ್ಟು ಕೂಲಿಗೆ ಹೋದವರನ್ನು ನೋಡಿದ್ದು ನನಗಂತೂ ಕಂಡಿಲ್ಲ. ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಸಿಕ್ಕಿದೆ. ಕಲಬುರಗಿ, ಬೀದರ್, ಯಾದಗಿರಿಗೆ ಒಂದು ಟೇಬಲ್, ಒಬ್ಬ ಗುಮಾಸ್ತ, ಅರಬ್ಬಿ ಓದಲು ಬರುವ ಒಬ್ಬರು, ಇಷ್ಟು ಕೇಳುವುದು ಜಾಸ್ತಿ ಆಯಿತಾ? ಅರಬ್ಬಿ ಬಲ್ಲವರು ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ. ಖಾಜಾ ಬಂದೇನವಾಜರ ಊರು ಇದು.

ಗಲ್ಫ್ ಅಷ್ಟೇ ಅಂದುಕೊಳ್ಳಬೇಡಿ. ನಮ್ಮದೇ ಜಿಲ್ಲೆಯ ಮೂವರು ಹುಡುಗರು ಸೆಕ್ಯುರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ಮುಂಚೂಣಿಯಲ್ಲಿ ಸಿಕ್ಕಿಬಿದ್ದದ್ದು ನಿಮಗೆ ನೆನಪಿರಬೇಕು. 2024ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣದ ಒಬ್ಬನ ಜೊತೆ ಅವರು ಜೀವಂತ ಬಂದರು. ಅವರು ಜೈಲಿನಲ್ಲಿರಲಿಲ್ಲ. ಆದರೆ ಬಿಟ್ಟು ಬರುವ ಹಾಗೂ ಇರಲಿಲ್ಲ, ಯಾಕೆಂದರೆ ತಮಗೆ ಓದಲು ಬಾರದ ಭಾಷೆಯ ಕರಾರಿಗೆ ಸಹಿ ಹಾಕಿದ್ದರು. ಅವರನ್ನು ಬಿಡಿಸಲು ಮಾತುಕತೆ ಪ್ರಧಾನಿ ಮಟ್ಟಕ್ಕೆ ಹೋಗಬೇಕಾಯಿತು. ಅದಕ್ಕೇ ಕಳಿಸುವ ಮೊದಲು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆಂಟನ ಹೆಸರು ನೋಂದಣಿ ಆಗಿದೆಯಾ ನೋಡಿ. ನೋಂದಾಯಿತ ಏಜೆಂಟ್ ಕಾನೂನು ಪ್ರಕಾರ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಹೊಲ ಮಾರಿ ಲಕ್ಷಗಟ್ಟಲೆ ಕೊಟ್ಟವರು ಇಲ್ಲೇ ಕೂತಿದ್ದೀರಿ, ನನಗೆ ಗೊತ್ತು. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಕಳಿಸುತ್ತೇನೆ ಅಂದರೆ ಆ ಏಜೆಂಟನಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಈಗ ನನ್ನ ತಕರಾರು. ಹೇಗ್‌ನಲ್ಲಿ ನಿಂತು ಈ ಹಕ್ಕಿಗಾಗಿ ಗೆದ್ದ ದೇಶ ನಮ್ಮದು. ಆದರೆ ಹೊರದೇಶದಲ್ಲಿ ಬಂಧನವಾದ ಪ್ರಜೆಗೆ ಎಂಬಸಿ ನೆರವು ಕೊಡಲೇಬೇಕು ಅನ್ನುವ ಕಾಯ್ದೆ ನಮ್ಮಲ್ಲಿಲ್ಲ. ಎಂಬಸಿಗಳಲ್ಲಿ ನೆರವಿನ ನಿಧಿ ಇದೆ, ಮದದ್ ಪೋರ್ಟಲ್ ಇದೆ, ಒಳ್ಳೆಯ ಅಧಿಕಾರಿಗಳೂ ಇದ್ದಾರೆ. ಅವರು ಮಾಡಿದರೆ ದೊಡ್ಡ ಮನಸ್ಸು, ಮಾಡದಿದ್ದರೆ ಕೇಳುವ ಕಲಮು ಇಲ್ಲ. ಜರ್ಮನಿ 1974ರಲ್ಲೇ ಕೈದಿಗಳಿಗೆ ನೆರವನ್ನು ತನ್ನ ಕಾನ್ಸುಲರ್ ಕಾಯ್ದೆಯಲ್ಲಿ ಬರೆದಿದೆ. ಜರ್ಮನಿ ಶ್ರೀಮಂತ ದೇಶ ಅನ್ನಬಹುದು. ಫಿಲಿಪ್ಪೀನ್ಸ್ ನಮ್ಮ ಹಾಗೆಯೇ ಮಂದಿಯನ್ನು ಹೊರಗೆ ದುಡಿಯಲು ಕಳಿಸುವ ದೇಶ. 1995ರ ಮಾರ್ಚ್‌ನಲ್ಲಿ ಅವರ ಒಬ್ಬ ಮನೆಗೆಲಸದ ಹೆಣ್ಣುಮಗಳನ್ನು ಸಿಂಗಾಪುರದಲ್ಲಿ ಗಲ್ಲಿಗೆ ಹಾಕಿದರು. ದೇಶಕ್ಕೆ ದೇಶವೇ ಬೀದಿಗೆ ಬಂತು. ಜೂನ್‌ನಲ್ಲಿ ಕಾಯ್ದೆ ಆಯಿತು. ಹೊರಗೆ ದುಡಿಯುವವರ ಕೇಸು ನೋಡಲು ವಿದೇಶಾಂಗ ಇಲಾಖೆಯಲ್ಲೇ ಒಬ್ಬ ಕಾನೂನು ಅಧಿಕಾರಿ, ವಕೀಲರ ಫೀಸಿಗೆ ಪ್ರತ್ಯೇಕ ನಿಧಿ, ಎರಡನ್ನೂ ಕಾಯ್ದೆಯಲ್ಲೇ ಬರೆದರು. ಮೂರೇ ತಿಂಗಳು. ನಮ್ಮ ವಲಸೆ ಕಾಯ್ದೆ 1983ರದು. ಅದು ಹೋಗುವವನನ್ನು ನೋಡುತ್ತದೆ, ಸಿಕ್ಕಿಬಿದ್ದವನನ್ನು ನೋಡುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಬೇಗ ಹೇಳಿ ಮುಗಿಸುತ್ತೇನೆ, ಹಿಂದೆ ಕೂತ ಪೊಲೀಸ್ ಮಿತ್ರರು ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ನಾವು ಹೊರದೇಶದವನನ್ನು ಹಿಡಿದಾಗ ಅದೇ 36ನೇ ಕಲಮು ನಮ್ಮ ಮೇಲೂ ಇದೆ. ಬಂಧಿಸಿದ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು ಅನ್ನುವ ಸಂವಿಧಾನದ 22ನೇ ವಿಧಿ, ಜೀವದ ಹಕ್ಕಿನ 21ನೇ ವಿಧಿ, ಎರಡೂ ಪ್ರಜೆಗಳಿಗಷ್ಟೇ ಅಲ್ಲ. ಬಾಂಗ್ಲಾದೇಶದ ಒಬ್ಬ ಮಹಿಳೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನಮ್ಮ ಠಾಣೆಯಲ್ಲಿ ನೈಜೀರಿಯಾದ ಹುಡುಗ ಕೂತಾಗ ಅವನ ಎಂಬಸಿಗೆ ಇಮೇಲ್ ಹೋಯಿತಾ ಅನ್ನುವುದೂ ನಮ್ಮ ದಮ್ಮಾಮಿನ ಹುಡುಗನ ಕೇಸಿನ ಭಾಗವೇ. ಅಲ್ಲಿ ಭೇಟಿ ಕೇಳುವ ನಮ್ಮ ಅಧಿಕಾರಿಗೆ 'ನಿಮ್ಮಲ್ಲಿ ಕೊಡುತ್ತೀರಾ' ಅಂತ ಅವರು ತಿರುಗಿ ಕೇಳಿದರೆ ಉತ್ತರ ಇರಬೇಕು.

ಕೊನೆಗೆ ಪ್ರಶ್ನೆಗಳು ಬಂದವು. ಒಬ್ಬರು ಅಧಿಕಾರ ಪತ್ರದ ಬಗ್ಗೆ ಕೇಳಿದರು. ಅಲ್ಲಿನ ವಕೀಲರಿಗೆ ಮನೆಯವರು ಇಲ್ಲಿಂದ ಅಧಿಕಾರ ಪತ್ರ ಕಳಿಸಬೇಕಾದರೆ ಬರೀ ನೋಟರಿ ಸಹಿ ನಡೆಯುವುದಿಲ್ಲ. ನೋಟರಿ ಆದ ಮೇಲೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ಆದರೆ ಅವರ ಎಂಬಸಿ, ಇಷ್ಟು ಮುದ್ರೆ ಬೀಳಬೇಕು, ಅರಬ್ಬಿ ಅನುವಾದವೂ ಬೇಕು. ಜೈಲಿನಲ್ಲಿರುವವನೇ ಎಂಬಸಿ ಅಧಿಕಾರಿಯ ಮುಂದೆ ವಕಾಲತ್ತಿಗೆ ಸಹಿ ಹಾಕಿದರೆ ಈ ಸುತ್ತಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಆದ್ದರಿಂದ ಮೊದಲು ಅದನ್ನೇ ಕೇಳಿ.

ಹುಮನಾಬಾದಿನ ಹಿರಿಯರೊಬ್ಬರು ಇದಕ್ಕೆಲ್ಲ ರೊಕ್ಕ ಯಾರು ಕೊಡ್ತಾರ್ರಿ ಅಂತ ಕೇಳಿದರು. ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ 2009ರಲ್ಲಿ ಶುರುವಾಯಿತು, ಈಗ ಎಲ್ಲ ಎಂಬಸಿಗಳಲ್ಲಿದೆ. ಬಡ ಕೈದಿಗಳ ವಕೀಲರ ಫೀಸು, ಸಣ್ಣ ಅಪರಾಧದ ದಂಡ, ಬಿಡುಗಡೆ ಆದ ಮೇಲೆ ವಿಮಾನದ ಟಿಕೆಟ್, ಸತ್ತರೆ ಹೆಣ ತರುವ ಖರ್ಚು, ಇವಕ್ಕೆ ಅದರಿಂದ ಕೊಡಬಹುದು. ಆ ಹಣ ಎಲ್ಲಿಂದ ಬರುತ್ತದೆ ಗೊತ್ತಾ? ಅಲ್ಲಿ ಪಾಸ್‌ಪೋರ್ಟ್, ಇತರ ಕಾಗದಪತ್ರಕ್ಕೆ ಬರುವ ನಮ್ಮವರಿಂದಲೇ ಪ್ರತಿ ಸಲ ಸ್ವಲ್ಪ ಸ್ವಲ್ಪ ವಸೂಲಿ ಮಾಡುತ್ತಾರೆ. ನಿಮ್ಮ ಮಗನೂ ಪಾಸ್‌ಪೋರ್ಟ್ ನವೀಕರಿಸಿದಾಗ ಕಟ್ಟಿರುತ್ತಾನೆ. ಸಂಕೋಚ ಬೇಡ. ಅರ್ಜಿಯಲ್ಲಿ ಈ ನಿಧಿಯ ಹೆಸರನ್ನೇ ಬರೆದು ಕೇಳಿ. ನಾನು ಅದರ ಜೊತೆ ಮನೆಯ ಆದಾಯ ಪ್ರಮಾಣ ಪತ್ರವನ್ನೂ ಲಗತ್ತಿಸುತ್ತೇನೆ. ಅದು ನಿಮ್ಮ ಹೋಬಳಿಯ ನಾಡಕಚೇರಿಯಲ್ಲೇ ಸಿಗುತ್ತದೆ.